ಛತ್ರದವರು, ಅಡುಗೆಯವರು ಮತ್ತು ಲಿನಕ್ಸ್ ಡೆಸ್ಕ್‌ಟಾಪ್

2025ರ ಅಕ್ಟೋಬರ್‌ನಲ್ಲಿ ಉಬುಂಟು 25.10 ಬಿಡುಗಡೆ ಆಯ್ತು. ಲಾಗಿನ್ ಆಗೋ ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಹಲ್ಲಿನ ಚಕ್ರದ ಚಿಹ್ನೆ ಇರುತ್ತಲ್ಲ, ಮೊದಲೆಲ್ಲ ಅದನ್ನ ಒತ್ತಿದರೆ 'ಉಬುಂಟು ಆನ್ ಎಕ್ಸ್‌ಆರ್ಗ್' ಅಂತ ಒಂದು ಆಯ್ಕೆ ಕಾಣ್ತಿತ್ತು. ಆ ಬಿಡುಗಡೆಯಲ್ಲಿ ಅದನ್ನ ತೆಗೆದುಹಾಕಿದ್ರು. ನನ್ನ ಜೊತೆ ಕೆಲಸ ಮಾಡೋ ಎಷ್ಟೋ ಜನಕ್ಕೆ ಅದು ಹೋಗಿದ್ದೇ ಗೊತ್ತಾಗಲಿಲ್ಲ. ಗೊತ್ತಾಗಬೇಕು ಅಂತೇನೂ ಇಲ್ಲ ಬಿಡಿ, ಬ್ರೌಸರ್ ತೆರೆಯುತ್ತೆ, ಟರ್ಮಿನಲ್ ತೆರೆಯುತ್ತೆ, ಸಂಬಳ ಬರುತ್ತೆ :-)

ಆದರೆ 'ಲಿನಕ್ಸ್ ಅಂದ್ರೆ ನಮಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳಬಹುದು' ಅಂತ ನಾವೆಲ್ಲ ಸ್ನೇಹಿತರಿಗೆ ಹೇಳ್ಕೊಂಡು ಬಂದಿದ್ದೀವಿ. ಆ ಮಾತಿನ ಅರ್ಧ ಭಾರ ಹೊತ್ತಿದ್ದು ಆ ಆಯ್ಕೆಯ ಹಿಂದಿದ್ದ ತಂತ್ರಾಂಶ. ಕೇಳಿದರೆ ಎಲ್ಲರೂ ಹೇಳೋದು ಒಂದೇ: ಲಿನಕ್ಸ್ ಮುಕ್ತ ತಂತ್ರಾಂಶ, ಸೋರ್ಸ್ ಕೋಡ್ ಕೈಯಲ್ಲಿದೆ, ಜಿಪಿಎಲ್ ಲೈಸೆನ್ಸ್ ಇದೆ, ಅದಕ್ಕೇ ಬದಲಾಯಿಸಬಹುದು. ಇದು ಅರ್ಧ ಸತ್ಯ. ಇನ್ನರ್ಧ ಇರೋದು 1984ರಲ್ಲಿ, ಅಂದ್ರೆ ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಬಿಡೋಕೆ ಏಳು ವರ್ಷ ಮುಂಚೆ, ಅಮೆರಿಕದ ಎಂಐಟಿಯಲ್ಲಿ ಕೆಲವರು ತಗೊಂಡ ಒಂದು ತೀರ್ಮಾನದಲ್ಲಿ. ಆ ಕಥೆಯನ್ನ ಒಂದು ಕಡೆ ಬರೆದಿಡಬೇಕು ಅಂತ ತುಂಬಾ ದಿನದಿಂದ ಅಂದ್ಕೊಂಡಿದ್ದೆ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಮಾಡ್ಕೊಂಡು ಕೂತ್ಕೊಳ್ಳಿ.

ಸ್ಟ್ಯಾನ್‌ಫರ್ಡ್‌ನಲ್ಲಿ ಪಾಲ್ ಅಸೆಂಟೆ ಮತ್ತು ಬ್ರಯನ್ ರೀಡ್ ಮಾಡಿದ್ದ 'ಡಬ್ಲ್ಯೂ' ಅನ್ನೋ ಒಂದು ವಿಂಡೋ ವ್ಯವಸ್ಥೆ ಇತ್ತು. ಎಂಐಟಿಯ ಬಾಬ್ ಶೈಫ್ಲರ್ ಅದನ್ನ ತಗೊಂಡು ತನ್ನ ಅಗತ್ಯಕ್ಕೆ ತಕ್ಕ ಹಾಗೆ ತಿದ್ದಿದ. 1984ರ ಜೂನ್‌ನಲ್ಲಿ, ಡಬ್ಲ್ಯೂ ಆದ ಮೇಲೆ ಬರೋ ಅಕ್ಷರ ಅಂತ 'ಎಕ್ಸ್' ಅನ್ನೋ ಹೆಸರಿಟ್ಟು ಹೊರಗೆ ಬಿಟ್ಟ. ಜಿಮ್ ಗೆಟಿಸ್ ಮೊದಲಾದವರು ಜೊತೆಯಾದ್ರು. ಮೂರೇ ವರ್ಷದಲ್ಲಿ ಆವೃತ್ತಿ ಸಂಖ್ಯೆ ಹನ್ನೊಂದಕ್ಕೆ ಬಂತು, 1987ರ ಸೆಪ್ಟೆಂಬರ್‌ನಲ್ಲಿ ಎಕ್ಸ್11. ಆಮೇಲೆ ಹನ್ನೆರಡು ಬರಲೇ ಇಲ್ಲ! ನಮ್ಮ ಕಾಲದಲ್ಲಿ ತಿಂಗಳಿಗೊಂದು ಆವೃತ್ತಿ ಸಂಖ್ಯೆ ಏರಿಸೋ ಬ್ರೌಸರ್‌ಗಳನ್ನ ನೋಡಿದವರಿಗೆ ಇದು ತಮಾಷೆ ಅನ್ನಿಸಬಹುದು.

ಎಂಐಟಿಯಲ್ಲಿ ಆಗ ಬೇರೆ ಬೇರೆ ಕಂಪನಿಗಳ ಯಂತ್ರಗಳಿದ್ವು. ಎಲ್ಲದರ ಮೇಲೂ ಓಡಬೇಕು, ಆದರೆ ಕಿಟಕಿ ಹೇಗೆ ಕಾಣಬೇಕು, ಬಟನ್ ಎಲ್ಲಿರಬೇಕು ಅಂತ ಯಾರ ಜೊತೆಗೂ ಜಗಳ ಆಡೋಕೆ ಎಕ್ಸ್ ಮಾಡಿದವರಿಗೆ ಇಷ್ಟ ಇರಲಿಲ್ಲ. ಹಾಗಾಗಿ ಅವರು ಒಂದು ನಿಯಮ ಇಟ್ಕೊಂಡ್ರು: ನಾವು ಸಾಧನ ಕೊಡ್ತೀವಿ, ನೀತಿ ಹೇಳಲ್ಲ. ಪರದೆಯ ಮೇಲೆ ಗೆರೆ ಎಳೆಯೋದು, ಕೀಬೋರ್ಡ್ ಮೌಸ್ ಸುದ್ದಿ ತಲುಪಿಸೋದು ಎಕ್ಸ್ ಕೆಲಸ. ಕಿಟಕಿಯನ್ನ ಎಲ್ಲಿಡಬೇಕು, ಅದರ ಅಂಚು ಹೇಗಿರಬೇಕು, ಹೇಗೆ ಎಳೀಬೇಕು ಅನ್ನೋದು ಎಕ್ಸ್ ಒಳಗಿಲ್ಲ. ಅದಕ್ಕೆ 'ವಿಂಡೋ ಮ್ಯಾನೇಜರ್' ಅಂತ ಇನ್ನೊಂದು ಪ್ರೋಗ್ರಾಂ. ಅದು ಟರ್ಮಿನಲ್, ಗಡಿಯಾರದ ಹಾಗೇ ಮಾಮೂಲಿ ಪ್ರೋಗ್ರಾಂ, ಬೇಡ ಅಂದ್ರೆ ನಿಲ್ಲಿಸಬಹುದು.

ನಮ್ಮ ಕಡೆ ಹಳೇ ಮದುವೆ ಛತ್ರ ಇರ್ತಿತ್ತಲ್ಲ, ಹಾಗೆ. ಹಾಲು, ನೀರು, ಕರೆಂಟು, ಒಲೆ, ದೊಡ್ಡ ಪಾತ್ರೆ ಛತ್ರದವರದ್ದು. ಅಡುಗೆ ಭಟ್ಟರು, ಹೂವಿನವರು, ವಾಲಗದವರು ನಿಮ್ಮ ಆಯ್ಕೆ. ವರಪೂಜೆಯ ದಿನದ ಸಾರು ಸರಿ ಇಲ್ಲ ಅಂದ್ರೆ ಮಾರನೇ ದಿನಕ್ಕೆ ಬೇರೆ ಭಟ್ಟರನ್ನ ಕರೆಸಬಹುದು. ಛತ್ರ ಬದಲಾಯಿಸಬೇಕಾಗಿಲ್ಲ, ನೆಂಟರು ಎದ್ದು ಹೋಗಬೇಕಾಗಿಲ್ಲ. ಎಕ್ಸ್‌ನಲ್ಲಿ ಅಕ್ಷರಶಃ ಇದನ್ನ ಮಾಡಬಹುದಿತ್ತು. ಹತ್ತು ಪ್ರೋಗ್ರಾಂ ತೆರೆದಿರುವಾಗಲೇ ಒಂದು ವಿಂಡೋ ಮ್ಯಾನೇಜರ್ ತೆಗೆದು ಇನ್ನೊಂದನ್ನ ಕೂರಿಸಿದರೆ, ಕಿಟಕಿಗಳ ಅಂಚು ಬದಲಾಗ್ತಿತ್ತು, ಒಳಗಿನ ಕೆಲಸ ಹಾಗೇ ಇರ್ತಿತ್ತು. ವಿಂಡೋಸ್‌ನಲ್ಲೋ ಮ್ಯಾಕ್‌ನಲ್ಲೋ ಛತ್ರದವರದ್ದೇ ಅಡುಗೆ, ಅವರು ಬಡಿಸಿದ್ದೇ ಊಟ.

ಈ ಒಂದು ತೀರ್ಮಾನದಿಂದ ಹುಟ್ಟಿದ ವಿಂಡೋ ಮ್ಯಾನೇಜರ್‌ಗಳಿಗೆ ಲೆಕ್ಕ ಇಲ್ಲ. 1987ರಲ್ಲಿ ಟಾಮ್ ಲಾಸ್ಟ್ರೇಂಜ್ ಬರೆದ ಟಿಡಬ್ಲ್ಯೂಎಂ, ಅದನ್ನ ತಿದ್ದಿ 1993ರಲ್ಲಿ ರಾಬರ್ಟ್ ನೇಷನ್ ಮಾಡಿದ ಎಫ್‌ವಿಡಬ್ಲ್ಯೂಎಂ (ಮೊದಲಿನ 'ಎಫ್' ಏನು ಅಂತ ಬರೆದವನಿಗೇ ಆಮೇಲೆ ಮರೆತುಹೋಯ್ತಂತೆ), ವಿಂಡೋಮೇಕರ್, ಎನ್‌ಲೈಟನ್‌ಮೆಂಟ್, ಬ್ಲ್ಯಾಕ್‌ಬಾಕ್ಸ್, ಫ್ಲಕ್ಸ್‌ಬಾಕ್ಸ್, ಓಪನ್‌ಬಾಕ್ಸ್... ಒಬ್ಬೊಬ್ಬ ಮನುಷ್ಯ, ತನ್ನ ಬಿಡುವಿನ ವೇಳೆಯಲ್ಲಿ, ತನಗೆ ಬೇಕಾದ ಹಾಗೆ ಒಂದೊಂದನ್ನ ಬರೆದ. ಈ 'ಒಬ್ಬೊಬ್ಬ ಮನುಷ್ಯ' ಅನ್ನೋದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಇದರ ಇನ್ನೊಂದು ಮುಖ ಏನಂದ್ರೆ, ಎಲ್ಲ ಅಡುಗೆಯವರೂ ಬೇರೆ ಬೇರೆ ಆದಾಗ ಊಟಕ್ಕೆ ಒಂದು ಹದ ಇರಲ್ಲ. 90ರ ದಶಕದ ಲಿನಕ್ಸ್ ಪರದೆಯ ಚಿತ್ರಗಳನ್ನ ಹುಡುಕಿ ನೋಡಿ. ಒಂದು ಪ್ರೋಗ್ರಾಮಿನ ಸ್ಕ್ರಾಲ್‌ಬಾರ್ ಎಡಗಡೆ, ಇನ್ನೊಂದರದ್ದು ಬಲಗಡೆ. ಒಂದರ ಮೆನು ಒತ್ತಿ ಹಿಡೀಬೇಕು, ಇನ್ನೊಂದರದ್ದು ಒತ್ತಿ ಬಿಡಬೇಕು. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದ್ತಿದ್ದ ಮಥಿಯಾಸ್ ಎಟ್ರಿಖ್ ಅನ್ನೋ ಹುಡುಗನಿಗೆ ಇದು ತಲೆಕೆಡಿಸ್ತು. 1996ರ ಅಕ್ಟೋಬರ್ 14ರಂದು ಅವನು ಒಂದು ಕರೆ ಕೊಟ್ಟ: ಮಾಮೂಲಿ ಬಳಕೆದಾರನಿಗೆ ಎಲ್ಲವೂ ಒಂದೇ ಥರ ಕಾಣೋ, ಒಂದೇ ಥರ ನಡ್ಕೊಳ್ಳೋ ಪೂರ್ತಿ ಡೆಸ್ಕ್‌ಟಾಪ್ ಮಾಡೋಣ ಬನ್ನಿ. ಅದೇ ಕೆಡಿಇ. ದುಬಾರಿ ಯುನಿಕ್ಸ್ ಯಂತ್ರಗಳಲ್ಲಿದ್ದ ಸಿಡಿಇ ಅನ್ನೋ ಡೆಸ್ಕ್‌ಟಾಪಿನ ಹೆಸರನ್ನ ಅಣಕಿಸಿ ಇಟ್ಟ ಹೆಸರು.

ಎಟ್ರಿಖ್ ಇದನ್ನ ಕಟ್ಟೋಕೆ ಆರಿಸಿಕೊಂಡಿದ್ದು ನಾರ್ವೆಯ ಟ್ರೋಲ್‌ಟೆಕ್ ಕಂಪನಿಯ ಕ್ಯೂಟಿ ಲೈಬ್ರರಿಯನ್ನ. ಜಗಳ ಶುರುವಾಗಿದ್ದು ಇಲ್ಲೇ. ಕ್ಯೂಟಿ ಒಳ್ಳೇದಿತ್ತು, ಮುಕ್ತ ತಂತ್ರಾಂಶ ಬರೆಯೋವ್ರಿಗೆ ಬಿಟ್ಟಿಯಾಗಿ ಸಿಗ್ತಿತ್ತು. ಆದರೆ ಅದನ್ನೇ ತಿದ್ದಿ, ತಿದ್ದಿದ್ದನ್ನ ಹಂಚೋಕೆ ಲೈಸೆನ್ಸ್ ಬಿಡ್ತಿರಲಿಲ್ಲ. ಅಂದ್ರೆ ಮನೆ ನಿಮ್ಮದು, ಅಡಿಪಾಯ ಇನ್ನೊಬ್ಬರದ್ದು. ನಾಳೆ ಕಂಪನಿ ಮುಚ್ಚಿದರೆ? ಇನ್ಯಾರಿಗೋ ಮಾರಿದರೆ? ಕೆಡಿಇಯ ಜಿಪಿಎಲ್‌ಗೂ ಕ್ಯೂಟಿಯ ಲೈಸೆನ್ಸ್‌ಗೂ ಹೊಂದಾಣಿಕೆ ಆಗಲ್ಲ ಅಂತ 1998ರ ಅಕ್ಟೋಬರ್‌ನಲ್ಲಿ ಡೆಬಿಯನ್‌ನವರು ಕೆಡಿಇಯನ್ನ ಹಂಚೋದೇ ನಿಲ್ಲಿಸ್ತೀವಿ ಅಂದ್ರು. ಅಷ್ಟರಲ್ಲಿ ಎರಡು ಪ್ರತಿದಾಳಿ ಶುರುವಾಗಿದ್ವು. ಒಂದು, ಹಾರ್ಮನಿ ಅಂತ ಕ್ಯೂಟಿಯ ಮುಕ್ತ ತದ್ರೂಪ ಬರೆಯೋದು. ಇನ್ನೊಂದು, 1997ರ ಆಗಸ್ಟ್‌ನಲ್ಲಿ ಮೆಕ್ಸಿಕೋದ ಮಿಗೆಲ್ ಡಿ ಇಕಾಜಾ ಮತ್ತು ಫೆಡೆರಿಕೊ ಮೆನಾ ಘೋಷಿಸಿದ ಗ್ನೋಮ್. ಚಿತ್ರ ತಿದ್ದೋ ಗಿಂಪ್ ಪ್ರೋಗ್ರಾಮಿಗೋಸ್ಕರ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು ಮಾಡ್ಕೊಂಡಿದ್ದ ಜಿಟಿಕೆ ಲೈಬ್ರರಿಯ ಮೇಲೆ ಗ್ನೋಮ್ ಕಟ್ಟಿದ್ರು.

ಕೊನೆಗೆ ಟ್ರೋಲ್‌ಟೆಕ್ ಬಗ್ಗಿತು. 1999ರಲ್ಲಿ ಸ್ವಲ್ಪ, 2000ದ ಸೆಪ್ಟೆಂಬರ್‌ನಲ್ಲಿ ಪೂರ್ತಿ: ಕ್ಯೂಟಿ 2.2 ಜಿಪಿಎಲ್ ಅಡಿಯಲ್ಲೂ ಬಂತು. ಹಾರ್ಮನಿ ಅಲ್ಲಿಗೇ ನಿಂತಿತು. ಗ್ನೋಮ್ ನಿಲ್ಲಲಿಲ್ಲ, ಆಗಲೇ ಬೇರು ಬಿಟ್ಟಿತ್ತು. ಒಂದು ಲೈಸೆನ್ಸ್ ಜಗಳದ ಕಾರಣಕ್ಕೆ ಹುಟ್ಟಿದ ಎರಡನೇ ಮನೆ, ಜಗಳ ಮುಗಿದ ಮೇಲೂ ಎರಡನೇ ಮನೆಯಾಗೇ ಉಳೀತು. ಇವತ್ತಿಗೂ 'ಗ್ನೋಮೋ ಕೆಡಿಇಯೋ' ಅಂತ ಕಿತ್ತಾಡೋ ಹುಡುಗರಲ್ಲಿ ಎಷ್ಟು ಜನಕ್ಕೆ ಈ ಜಗಳದ ಮೂಲ ಗೊತ್ತಿದೆಯೋ...

ಕನ್ನಡದವರಿಗೆ ಈ ಎರಡು ಮನೆಯ ಕಥೆಯಿಂದ ಒಂದು ವಿಚಿತ್ರ ಫಜೀತಿ ಆಗಿತ್ತು. ಯುನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಆದರೆ ಸಂಕೇತ ಇದ್ದ ಮಾತ್ರಕ್ಕೆ ಅಕ್ಷರ ಮೂಡಲ್ಲ. 'ಕ' ಆದ ಮೇಲೆ 'ಷ' ಒತ್ತು ಬಂದ್ರೆ 'ಕ್ಷ' ಆಗಬೇಕು, ಅರ್ಕಾವತ್ತು ಬರೆಯೋವಾಗ ಮೊದಲು ಬಂದ 'ರ್' ಕೊನೆಗೆ ಹೋಗಿ ಕೂರಬೇಕು, 'ಕೊ' ಬರೆದರೆ ಎರಡು ತುಂಡು ಸೇರಿ ಒಂದಾಗಬೇಕು. ಈ ಜೋಡಣೆಯ ಕೆಲಸ ಮಾಡೋ ತಂತ್ರಾಂಶ ಬೇಕು. 2002ರಲ್ಲಿ ಬಂದ ಗ್ನೋಮ್ 2.0 ಇದಕ್ಕೆ ಪ್ಯಾಂಗೋ ಅನ್ನೋದನ್ನ ಬಳಸ್ತು (ಗ್ರೀಕಿನ 'ಪ್ಯಾನ್' ಅಂದ್ರೆ ಎಲ್ಲ, ಜಪಾನಿಯ 'ಗೋ' ಅಂದ್ರೆ ಭಾಷೆ, ಚೆಂದದ ಹೆಸರು). ಕೆಡಿಇಯಲ್ಲಿ ಈ ಕೆಲಸ ಕ್ಯೂಟಿ ತಾನೇ ಮಾಡ್ಕೋತಿತ್ತು. ಓಪನ್‌ಆಫೀಸ್‌ನದ್ದು ಮೂರನೇ ದಾರಿ. ಅಂದ್ರೆ ಒಂದೇ ಯಂತ್ರ, ಒಂದೇ ಫಾಂಟು, ಒಂದೇ ಕನ್ನಡ ಪದ, ಅದನ್ನ ಜೋಡಿಸೋಕೆ ಮೂರು ಬೇರೆ ಬೇರೆ ಕೈ! ಒಂದು ಕಡೆ ಸರಿ ಕಂಡ ಒತ್ತಕ್ಷರ ಇನ್ನೊಂದು ಕಡೆ ಒಡೆದು ಕಂಡರೆ, ತಪ್ಪನ್ನ ವರದಿ ಮಾಡೋವ್ರು ಮೂರು ಬಾಗಿಲು ತಟ್ಟಬೇಕಿತ್ತು. ಆಯ್ಕೆ ಜಾಸ್ತಿ ಇದ್ದಷ್ಟೂ ಒಳ್ಳೇದು ಅನ್ನೋವ್ರಿಗೆ ನಾನು ಈ ಉದಾಹರಣೆ ಕೊಡ್ತೀನಿ. ಸಣ್ಣ ಭಾಷೆಯವರಿಗೆ ಮೂರು ಆಯ್ಕೆ ಅಂದ್ರೆ ಮೂರು ಪಟ್ಟು ಕೆಲಸ.

ಇದನ್ನ ಸರಿ ಮಾಡಿದ್ದು ಹಾರ್ಫ್‌ಬಜ್. ಪ್ಯಾಂಗೋ ಮತ್ತು ಕ್ಯೂಟಿ ಎರಡರಲ್ಲೂ ಇದ್ದ ಹಳೇ ಕೋಡನ್ನ ಒಂದು ಕಡೆ ತಂದು, ಆಮೇಲೆ ಬೆಹ್ದಾದ್ ಇಸ್ಫಹ್ಬೋದ್ ಅನ್ನೋ ಇರಾನ್ ಮೂಲದ ಎಂಜಿನಿಯರ್ ಅದನ್ನ ಬುಡದಿಂದ ಮತ್ತೆ ಬರೆದ. 2012ರಿಂದ ಈಚೆಗೆ ಪ್ಯಾಂಗೋ, ಕ್ಯೂಟಿ, ಲಿಬ್ರೆಆಫೀಸ್, ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್ ಎಲ್ಲವೂ ಒಂದೊಂದಾಗಿ ಅದಕ್ಕೇ ಬಂದು ಸೇರಿದ್ವು. ಲಿನಕ್ಸ್‌ನಲ್ಲಿ ನೀವು ಈ ಸಾಲು ಓದ್ತಿದ್ರೆ ಇದರ ಒತ್ತಕ್ಷರ ಜೋಡಿಸಿದ್ದು ಅದೇ ಅಂತ ಹೆಚ್ಚುಕಮ್ಮಿ ಕಣ್ಮುಚ್ಚಿ ಹೇಳಬಹುದು.

*

ಗ್ನೋಮ್ 2 ಬಂದಾಗ ಇನ್ನೊಂದು ವಾದ ಶುರುವಾಯ್ತು. ಅಲ್ಲೀವರೆಗೆ ಗ್ನೋಮ್ ಜೊತೆ ಯಾವ ವಿಂಡೋ ಮ್ಯಾನೇಜರ್ ಬೇಕಾದ್ರೂ ಬಳಸಿ ಅಂತಿದ್ರು, ಸೆಟ್ಟಿಂಗುಗಳ ರಾಶಿಯೇ ಇತ್ತು. ಹ್ಯಾವಕ್ ಪೆನ್ನಿಂಗ್ಟನ್ 2002ರಲ್ಲಿ ಒಂದು ಪ್ರಬಂಧ ಬರೆದು, ಪ್ರತಿಯೊಂದು ಆಯ್ಕೆಗೂ ಬೆಲೆ ಇದೆ ಅಂತ ವಾದಿಸಿದ. ಹತ್ತು ಸೆಟ್ಟಿಂಗ್ ಇದ್ರೆ ಅವುಗಳ ಸಾವಿರಾರು ಜೋಡಣೆಗಳನ್ನ ಪರೀಕ್ಷೆ ಮಾಡೋವ್ರು ಯಾರು? ಎಷ್ಟೋ ಸಲ ದೋಷ ಸರಿಪಡಿಸೋ ಬದಲು 'ಅದಕ್ಕೊಂದು ಆಯ್ಕೆ ಇಟ್ಟುಬಿಡೋಣ' ಅಂತ ಜಾರಿಕೊಳ್ತೀವಿ ಅಂತ. ಅವನದೇ ಮೆಟಾಸಿಟಿ ವಿಂಡೋ ಮ್ಯಾನೇಜರನ್ನ ದೊಡ್ಡವರಿಗಾಗಿ ಮಾಡಿದ ಬೋರಿಂಗ್ ವಿಂಡೋ ಮ್ಯಾನೇಜರ್ ಅಂತ ಅವನೇ ಪರಿಚಯಿಸಿದ್ದ. ಆಫೀಸಿನಲ್ಲಿ ಕೋಡ್ ಬರೆಯೋ ನನಗೆ ಅವನ ವಾದ ಸರಿ ಅನ್ಸುತ್ತೆ, ಮನೆಗೆ ಬಂದು ನನ್ನ ಲ್ಯಾಪ್‌ಟಾಪ್ ತೆರೆದಾಗ ಮಾತ್ರ ಕೋಪ ಬರುತ್ತೆ! 2005ರ ಡಿಸೆಂಬರ್‌ನಲ್ಲಿ ಲೈನಸ್ ಟೋರ್ವಾಲ್ಡ್ಸ್ ಕೂಡ ಇದೇ ಕೋಪದಲ್ಲಿ, ಗ್ನೋಮ್ ಬಿಟ್ಟು ಕೆಡಿಇ ಬಳಸಿ ಅಂತ ಬಹಿರಂಗವಾಗಿ ಹೇಳಿದ.

2006ರಲ್ಲಿ ಬಂದ ಕಾಂಪಿಜ್ ಬಗ್ಗೆ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ನಾವೆಲ್ ಕಂಪನಿಯ ಡೇವಿಡ್ ರೆವೆಮನ್ ಬರೆದಿದ್ದು. ಡೆಸ್ಕ್‌ಟಾಪ್ ಘನಾಕೃತಿಯ ಹಾಗೆ ತಿರುಗೋದು, ಕಿಟಕಿ ಎಳೆದರೆ ಜೆಲ್ಲಿಯ ಹಾಗೆ ಅಲುಗೋದು. ನಾನು ಆಗ ಪ್ರೈಮರಿ ಸ್ಕೂಲು, ಆದರೆ ಆ ಕಾಲದಲ್ಲಿ ಎಂಜಿನಿಯರಿಂಗ್ ಓದಿದ ನನ್ನ ಸೋದರಮಾವನ ಮಗ ಈಗಲೂ ಅದನ್ನ ನೆನೆಸಿಕೊಂಡು ನಗ್ತಾನೆ, 'ಅದನ್ನ ತೋರಿಸಿಯೇ ಹಾಸ್ಟೆಲಿನಲ್ಲಿ ಆರು ಜನಕ್ಕೆ ಲಿನಕ್ಸ್ ಹಾಕಿಸಿದ್ದೆ ಕಣೋ' ಅಂತ. ಆಟದ ಸಾಮಾನಿನ ಥರ ಕಂಡರೂ ಚರಿತ್ರೆಯಲ್ಲಿ ಕಾಂಪಿಜ್ ಮುಖ್ಯ. ಯಾಕಂದ್ರೆ ಅಲ್ಲೀವರೆಗೆ ಪರದೆಯ ಮೇಲೆ ಕಿಟಕಿಗಳನ್ನ ಬಿಡಿಸ್ತಿದ್ದಿದ್ದು ಎಕ್ಸ್. ಕಾಂಪಿಜ್‌ನಲ್ಲಿ ಪ್ರತಿ ಕಿಟಕಿಯ ಚಿತ್ರವನ್ನ ವಿಂಡೋ ಮ್ಯಾನೇಜರೇ ತಗೊಂಡು, ಗ್ರಾಫಿಕ್ಸ್ ಚಿಪ್ಪಿನಲ್ಲಿ ಜೋಡಿಸಿ, ಪೂರ್ತಿ ಪರದೆ ತಯಾರು ಮಾಡ್ತಿತ್ತು. ಎಕ್ಸ್ ಮಧ್ಯದಲ್ಲಿ ನಿಂತ ದಲ್ಲಾಳಿ ಥರ ಆಯ್ತು, ಈ ಕಡೆಯ ಮಾತನ್ನ ಆ ಕಡೆಗೆ ಮುಟ್ಟಿಸೋದು ಅಷ್ಟೇ.

ಕಾಂಪಿಜ್‌ನಂಥ ಪ್ರೋಗ್ರಾಂಗಳು ಸಾಮಾನ್ಯ ಯಂತ್ರಗಳಲ್ಲಿ ಓಡೋ ಹಾಗೆ ರೆಡ್ ಹ್ಯಾಟ್‌ನಲ್ಲಿ ಎಐಜಿಎಲ್‌ಎಕ್ಸ್ ಮಾಡಿದವನು ಕ್ರಿಸ್ಟಿಯನ್ ಹಾಗ್ಸ್‌ಬರ್ಗ್. ದಲ್ಲಾಳಿ ಯಾಕೆ ಬೇಕು ಅನ್ನೋ ಪ್ರಶ್ನೆ ಅವನಿಗೆ ಬಂದಿದ್ದು ಸಹಜ. 2008ರಲ್ಲಿ ಅವನು ಹೊಸದೊಂದನ್ನ ಶುರು ಮಾಡಿದ, ಮ್ಯಾಸಚೂಸೆಟ್ಸ್‌ನಲ್ಲಿ ಕಾರಿನಲ್ಲಿ ಹೋಗುವಾಗ ದಾಟಿದ ಒಂದು ಊರಿನ ಹೆಸರನ್ನ ಅದಕ್ಕಿಟ್ಟ: ವೇಲ್ಯಾಂಡ್. ಅದರ ಕಥೆಗೆ ಹೋಗೋ ಮುಂಚೆ ನಡುವಿನ ದಂಗೆಯ ಬಗ್ಗೆ ಎರಡು ಮಾತು.

2008ರ ಜನವರಿಯಲ್ಲಿ ಕೆಡಿಇ 4.0 ಬಂತು, ಅರ್ಧ ಬೆಂದದ್ದು. 2011ರ ಏಪ್ರಿಲ್ ಒಂದೇ ತಿಂಗಳಲ್ಲಿ ಗ್ನೋಮ್ 3 ಮತ್ತು ಯೂನಿಟಿ ಹಾಕಿಕೊಂಡ ಉಬುಂಟು 11.04 ಎರಡೂ ಬಂದ್ವು. ಗ್ನೋಮ್ 3ರಲ್ಲಿ ಮಿನಿಮೈಸ್ ಬಟನ್ ಇಲ್ಲ. ಯಂತ್ರ ಆರಿಸೋ ಆಯ್ಕೆ ಮೆನುವಿನಲ್ಲಿ ಕಾಣಬೇಕು ಅಂದ್ರೆ ಆಲ್ಟ್ ಕೀ ಒತ್ತಿ ಹಿಡೀಬೇಕು! ಜನ ರೊಚ್ಚಿಗೆದ್ದರು. ಆದರೆ ರೊಚ್ಚಿಗೆದ್ದವರು ಬೈದು ಸುಮ್ಮನಾಗಲಿಲ್ಲ, ಇದೇ ಇಲ್ಲಿನ ವಿಶೇಷ. ಅರ್ಜೆಂಟೀನಾದ ಒಬ್ಬ ಬಳಕೆದಾರ ಗ್ನೋಮ್ 2ರ ಹಳೇ ಕೋಡನ್ನೇ ತಗೊಂಡು, ಅವರ ದೇಶದ ಕಷಾಯದಂಥ ಪಾನೀಯದ ಹೆಸರಲ್ಲಿ 'ಮಾಟೆ' ಅಂತ ಮುಂದುವರಿಸಿದ. ಹೊಸ ಗ್ನೋಮ್ ಜೊತೆ ಘರ್ಷಣೆ ಆಗಬಾರದು ಅಂತ ಒಳಗಿನ ಪ್ರತಿ ಪ್ರೋಗ್ರಾಮಿಗೂ ಹೊಸ ಹೆಸರಿಡಬೇಕಾಯ್ತು. ಫೈಲ್ ಮ್ಯಾನೇಜರ್ ನಾಟಿಲಸ್ ಹೋಗಿ 'ಕಾಹಾ' ಆಯ್ತು, ಸ್ಪ್ಯಾನಿಷ್‌ನಲ್ಲಿ ಪೆಟ್ಟಿಗೆ ಅಂತ ಅರ್ಥ. ಲಿನಕ್ಸ್ ಮಿಂಟ್‌ನವರು ಗ್ನೋಮ್ 3ನ್ನೇ ಕವಲೊಡೆದು ಸಿನಮನ್ ಮಾಡಿದ್ರು. ಕೆಡಿಇ 3ರ ಅಭಿಮಾನಿಗಳು ಟ್ರಿನಿಟಿ ಅಂತ ಇಟ್ಕೊಂಡ್ರು. ಲೈನಸ್ ಪಾಪ ಕೆಡಿಇ 4 ನೋಡಿ ಗ್ನೋಮ್‌ಗೆ ಬಂದಿದ್ದ, ಗ್ನೋಮ್ 3 ನೋಡಿ ಎಕ್ಸ್‌ಎಫ್‌ಸಿಇಗೆ ಓಡಿದ, ಕೊನೆಗೆ ಮತ್ತೆ ಗ್ನೋಮ್‌ಗೇ ಬಂದ.

ನಾನು ಮೊದಲು ಲಿನಕ್ಸ್ ಹಾಕಿದ್ದು 2016ರಲ್ಲಿ, ಎಂಜಿನಿಯರಿಂಗ್ ಮೊದಲ ವರ್ಷ, ಉಬುಂಟು 16.04. ಯೂನಿಟಿಯ ಎಡಗಡೆಯ ಪಟ್ಟಿಯನ್ನ ಕೆಳಗಡೆ ಇಡಬಹುದು ಅನ್ನೋದು ಆ ಆವೃತ್ತಿಯ ದೊಡ್ಡ ಸುದ್ದಿ. ಐದು ವರ್ಷದಿಂದ ಜನ ಕೇಳ್ತಿದ್ದಿದ್ದು ಅದು! ಅದನ್ನ ಕೆಳಗಿಟ್ಟೆ, ಒಂದು ವಾರ ನೋಡಿದೆ, ಮತ್ತೆ ಎಡಗಡೆಗೇ ಇಟ್ಟೆ :-) ಮುಂದಿನ ಏಪ್ರಿಲ್‌ನಲ್ಲಿ ಮಾರ್ಕ್ ಶಟಲ್‌ವರ್ತ್ ಯೂನಿಟಿಯನ್ನೇ ಕೈಬಿಡ್ತೀವಿ ಅಂದುಬಿಟ್ಟ. ನಾನು ಅಲ್ಲಿಂದ ಐ3ಗೆ ಹೋದೆ. ಮೈಕೆಲ್ ಸ್ಟಾಪೆಲ್‌ಬರ್ಗ್ 2009ರಲ್ಲಿ ಶುರು ಮಾಡಿದ ವಿಂಡೋ ಮ್ಯಾನೇಜರ್ ಅದು, ಕಿಟಕಿಗಳನ್ನ ಹೆಂಚಿನ ಹಾಗೆ ಪಕ್ಕಪಕ್ಕ ಜೋಡಿಸುತ್ತೆ. ಒಂದೇ ಒಂದು ಫೈಲಿನಲ್ಲಿ ಎಲ್ಲ ಸೆಟ್ಟಿಂಗು. ಎರಡು ಜಿಬಿ ರ್‍ಯಾಮ್ ಇದ್ದ ನನ್ನ ಹಳೇ ಲ್ಯಾಪ್‌ಟಾಪಿಗೆ ಅದರಿಂದ ಇನ್ನೂ ಮೂರು ವರ್ಷ ಆಯಸ್ಸು ಸಿಕ್ಕಿತು. ನನ್ನಂಥವರಿಗೆ ಇದು ಅಲಂಕಾರದ ಪ್ರಶ್ನೆ ಆಗಿರಲಿಲ್ಲ, ಹೊಸ ಯಂತ್ರ ಕೊಳ್ಳೋಕೆ ಮನೆಯಲ್ಲಿ ದುಡ್ಡು ಕೇಳಬೇಕೋ ಬೇಡವೋ ಅನ್ನೋ ಪ್ರಶ್ನೆ ಆಗಿತ್ತು.

*

ಈಗ ವೇಲ್ಯಾಂಡ್. ಮೊದಲು ಅದರ ಪರವಾಗಿ ಹೇಳ್ತೀನಿ, ಯಾಕಂದ್ರೆ ಅದನ್ನ ಬೈಯೋವ್ರು ಇದನ್ನ ಹೇಳೋದೇ ಇಲ್ಲ. ಎಕ್ಸ್ ಛತ್ರದಲ್ಲಿ ರೂಮುಗಳಿಗೆ ಚಿಲಕ ಇರಲಿಲ್ಲ. ಒಳಗೆ ಬಂದ ಯಾವ ಪ್ರೋಗ್ರಾಂ ಆದ್ರೂ ಇನ್ನೊಂದರ ಕಿಟಕಿಯ ಚಿತ್ರ ತಗೋಬಹುದು, ನೀವು ಬ್ಯಾಂಕಿನ ಪಾಸ್‌ವರ್ಡ್ ಒತ್ತುವಾಗ ಪ್ರತಿ ಕೀಲಿಯನ್ನೂ ಓದಬಹುದು. 1984ರಲ್ಲಿ ವಿಶ್ವವಿದ್ಯಾಲಯದ ಒಳಗೆ ಎಲ್ಲರೂ ನೆಂಟರು, ನಡೀತಿತ್ತು. ಈಗ ಎಲ್ಲೆಲ್ಲಿಂದಲೋ ಇಳಿಸಿಕೊಂಡ ಪ್ರೋಗ್ರಾಂಗಳನ್ನ ಓಡಿಸೋ ಕಾಲದಲ್ಲಿ ಇದು ಭಯಂಕರ. ವೇಲ್ಯಾಂಡ್‌ನಲ್ಲಿ ಒಂದು ಪ್ರೋಗ್ರಾಮಿಗೆ ಇನ್ನೊಂದು ಕಾಣಲ್ಲ. ಮೌಸ್ ಹೋದ ಕಡೆ ಕಣ್ಣು ಹೊರಳಿಸೋ 'ಎಕ್ಸ್‌ಐಸ್' ಅನ್ನೋ ಹಳೇ ಆಟದ ಪ್ರೋಗ್ರಾಂ ನೋಡಿದ್ದೀರಾ? ವೇಲ್ಯಾಂಡ್‌ನಲ್ಲಿ ಮೌಸ್ ಬೇರೆ ಕಿಟಕಿಯ ಮೇಲೆ ಹೋದ್ರೆ ಆ ಕಣ್ಣು ಕುರುಡಾಗುತ್ತೆ. ಭದ್ರತೆ ಅಂದ್ರೆ ಅದೇ. ಇನ್ನೊಂದು ವಿಷಯ, ವೇಲ್ಯಾಂಡ್ ಕಟ್ಟಿದವರಲ್ಲಿ ಬಹಳಷ್ಟು ಜನ ಎಕ್ಸ್‌ನ್ನೇ ವರ್ಷಗಟ್ಟಲೆ ನೋಡ್ಕೊಂಡಿದ್ದವರು. ಮನೆಯ ಗೋಡೆ ಎಷ್ಟು ಬಿರುಕು ಬಿಟ್ಟಿದೆ ಅಂತ ಅವರಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರೂ ಇಲ್ಲ.

ಆದರೆ ಇದಕ್ಕೆ ಕೊಟ್ಟ ಬೆಲೆ ಇದೆಯಲ್ಲ, ಅದೇ ಈ ಬರಹದ ವಿಷಯ. ವೇಲ್ಯಾಂಡ್‌ನಲ್ಲಿ ಛತ್ರದವರೇ ಅಡುಗೆಯವರು. ಪರದೆ, ಕೀಬೋರ್ಡು, ಗ್ರಾಫಿಕ್ಸ್, ಕಿಟಕಿಗಳ ಜೋಡಣೆ ಎಲ್ಲವೂ 'ಕಾಂಪೋಸಿಟರ್' ಅನ್ನೋ ಒಂದೇ ಪ್ರೋಗ್ರಾಮಿನಲ್ಲಿ. ಭಟ್ಟರನ್ನ ಬದಲಾಯಿಸಬೇಕು ಅಂದ್ರೆ ಛತ್ರವನ್ನೇ ಕಟ್ಟಬೇಕು. ಎಕ್ಸ್ ಕಾಲದ ಡಿಡಬ್ಲ್ಯೂಎಂ ಅನ್ನೋ ವಿಂಡೋ ಮ್ಯಾನೇಜರ್ 2000 ಸಾಲು ಕೋಡು ಮೀರಬಾರದು ಅಂತ ಹಟ ಹಿಡಿದು ಬರೆದದ್ದು, ಒಬ್ಬ ವಿದ್ಯಾರ್ಥಿ ಒಂದು ವಾರಾಂತ್ಯದಲ್ಲಿ ಓದಿ ಮುಗಿಸಬಹುದು. ಕಾಂಪೋಸಿಟರ್ ಬರೆಯೋದು ಆ ಥರದ ಕೆಲಸ ಅಲ್ಲ. ಐ3ಯ ಜಾಗಕ್ಕೆ ಸ್ವೇ ತರೋಕೆ ಹೋದ ಡ್ರೂ ಡಿವಾಲ್ಟ್ ಮತ್ತು ಸಂಗಡಿಗರಿಗೆ 1.0 ಮುಟ್ಟೋಕೆ 2019ರ ತನಕ ಬೇಕಾಯ್ತು, ದಾರಿಯಲ್ಲಿ ಎಲ್ಲ ಕಾಂಪೋಸಿಟರ್‌ಗಳಿಗೂ ಆಗಲಿ ಅಂತ ಡಬ್ಲ್ಯೂಎಲ್‌ರೂಟ್ಸ್ ಅನ್ನೋ ಅಡಿಪಾಯವನ್ನೇ ಬೇರೆ ಕಟ್ಟಬೇಕಾಯ್ತು. ಆಗಲೇ 'ಒಬ್ಬೊಬ್ಬ ಮನುಷ್ಯ' ಅಂದಿದ್ದೆನಲ್ಲ, ಅದು ಇದಕ್ಕೇ. ಜಿಪಿಎಲ್ ನಮಗೆ ತಿದ್ದೋ ಹಕ್ಕು ಕೊಡುತ್ತೆ, ಅದನ್ನ ಯಾರೂ ಕಿತ್ಕೊಂಡಿಲ್ಲ. ಆದರೆ ಆ ಹಕ್ಕನ್ನ ಒಬ್ಬನೇ ಕೂತು ಬಳಸೋಕೆ ಆಗ್ತಿದ್ದಿದ್ದು ಎಕ್ಸ್‌ನ ರಚನೆಯಿಂದ. ಅರ್ಜೆಂಟೀನಾದವನು ಮಾಟೆ ಶುರು ಮಾಡಿದ ಹಾಗೆ ಇನ್ನೊಬ್ಬ ಶುರು ಮಾಡಬೇಕು ಅಂದ್ರೆ ಈಗ ದೊಡ್ಡ ತಂಡ ಬೇಕು, ಇಲ್ಲಾ ಬೆನ್ನಿಗೆ ಒಂದು ಕಂಪನಿ ಬೇಕು. ಅಮೆರಿಕದ ಸಿಸ್ಟಮ್76 ಕಂಪನಿ ರಸ್ಟ್ ಭಾಷೆಯಲ್ಲಿ ಬುಡದಿಂದ ಬರೆದ ಕಾಸ್ಮಿಕ್ ಡೆಸ್ಕ್‌ಟಾಪ್ 2025ರ ಡಿಸೆಂಬರ್‌ನಲ್ಲಿ ಬಂತು, ಚೆನ್ನಾಗಿದೆ. ಆದರೆ ಅವರು ಲ್ಯಾಪ್‌ಟಾಪ್ ಮಾರೋವ್ರು, ಸಂಬಳ ಕೊಟ್ಟು ಎಂಜಿನಿಯರುಗಳನ್ನ ಇಟ್ಕೊಂಡಿದ್ದಾರೆ.

ಒಬ್ಬ ಮನುಷ್ಯನ ಕೆಲಸ ಪೂರ್ತಿ ಸತ್ತಿಲ್ಲ ಅನ್ನೋದನ್ನೂ ಹೇಳಬೇಕು. 2022ರಲ್ಲಿ ಬಂದ ಹೈಪರ್‌ಲ್ಯಾಂಡ್ ಶುರುವಾಗಿದ್ದು ಒಬ್ಬ ಯುವಕನಿಂದಲೇ, ಈಗ ಕಾಲೇಜು ಹುಡುಗರು ತೋರಿಸಿಕೊಳ್ಳೋ ಬಣ್ಣಬಣ್ಣದ ಡೆಸ್ಕ್‌ಟಾಪುಗಳಲ್ಲಿ ಅರ್ಧ ಅದೇ ಇರುತ್ತೆ.

ಬಣ್ಣದ ವಿಷಯ ಬಂತು. ಕಸ್ಟಮೈಸ್ ಅಂದ್ರೆ ಹೆಚ್ಚಿನವರಿಗೆ ಥೀಮು, ಐಕಾನು. ಅಲ್ಲೂ ಬಾಗಿಲು ಮುಚ್ಚಿಕೊಂಡಿತು. 2019ರ ಮೇ ತಿಂಗಳಲ್ಲಿ ಗ್ನೋಮ್ ಸುತ್ತಲಿನ ಕೆಲವು ಡೆವಲಪರ್‌ಗಳು ಒಂದು ಬಹಿರಂಗ ಪತ್ರ ಬರೆದು, ದಯವಿಟ್ಟು ನಮ್ಮ ಆ್ಯಪ್‌ಗಳಿಗೆ ನಿಮ್ಮ ಥೀಮು ಹಾಕಬೇಡಿ ಅಂತ ಲಿನಕ್ಸ್ ವಿತರಣೆಯವರನ್ನ ಕೇಳ್ಕೊಂಡ್ರು. ಥೀಮು ಕೆಡಿಸಿದ ಬಟನ್ನಿಗೆ ಬೈಗುಳ ಅವರಿಗೆ ಬರ್ತಿತ್ತು. 2021ರ ಕೊನೆಯ ದಿನ ಬಂದ ಲಿಬ್‌ಅದ್ವೈತ ಲೈಬ್ರರಿಯಲ್ಲಿ ರೂಪವನ್ನ ಒಳಗೇ ಗಟ್ಟಿ ಮಾಡಿಟ್ರು. (ಹೌದು, ನಮ್ಮ ಅದ್ವೈತವೇ! ಎರಡಿಲ್ಲ, ಒಂದೇ ರೂಪ. ಹೆಸರಿಗೆ ಸರಿಯಾಗೇ ಇದೆ.) ಅವರ ಕಷ್ಟ ನನಗೆ ಅರ್ಥ ಆಗುತ್ತೆ. ಆದರೂ ನಾನು ಮನೆಯಲ್ಲಿ ಈಗ ಬಳಸೋದು ಕೆಡಿಇ ಪ್ಲಾಸ್ಮಾ.

ಆ ಪ್ಲಾಸ್ಮಾ 2024ರ ಫೆಬ್ರವರಿಯ 6.0ರಿಂದ ವೇಲ್ಯಾಂಡ್‌ನ್ನೇ ಮೊದಲ ಆಯ್ಕೆ ಮಾಡ್ಕೊಂಡಿತು. ರೆಡ್ ಹ್ಯಾಟ್ 2025ರ ಮೇ ತಿಂಗಳ ಆವೃತ್ತಿ 10ರಲ್ಲಿ ಎಕ್ಸ್‌ಆರ್ಗ್ ಸರ್ವರನ್ನ ಕೈಬಿಟ್ಟಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಗ್ನೋಮ್ 49 ಬಂದಾಗ ಎಕ್ಸ್ ಸೆಷನ್ ತಾನಾಗಿ ಸಿಗದ ಹಾಗೆ ಆಯ್ತು, ನವೆಂಬರ್‌ನಲ್ಲಿ ಕೆಡಿಇಯವರೂ ಪ್ಲಾಸ್ಮಾ 6.8ರಿಂದ ವೇಲ್ಯಾಂಡ್ ಮಾತ್ರ ಅಂತ ಘೋಷಿಸಿದ್ರು. ಹಳೇ ಪ್ರೋಗ್ರಾಂಗಳು ಎಕ್ಸ್‌ವೇಲ್ಯಾಂಡ್ ಅನ್ನೋ ಸೇತುವೆಯ ಮೇಲೆ ಓಡ್ತಾವೆ, ಹಾಗಾಗಿ ದಿನನಿತ್ಯದಲ್ಲಿ ಏನೂ ಕಾಣಲ್ಲ. 2025ರ ಜೂನ್‌ನಲ್ಲಿ ಎಕ್ಸ್ ಸರ್ವರನ್ನೇ ಕವಲೊಡೆದು ಎಕ್ಸ್‌ಲಿಬ್ರೆ ಅಂತ ಮುಂದುವರಿಸೋಕೂ ಒಬ್ಬರು ಹೊರಟರು.

ಕನ್ನಡ ಬರೆಯೋ ನಮಗೆ ಈ ಬದಲಾವಣೆಯ ಬಿಸಿ ತಟ್ಟಿದ್ದು ಕೀಬೋರ್ಡಿನಲ್ಲಿ. ಎಕ್ಸ್‌ನಲ್ಲಿ ಕನ್ನಡ ಟೈಪ್ ಮಾಡೋಕೆ ಮೊದಲು ಎಸ್‌ಸಿಐಎಂ, 2008ರ ನಂತರ ಐಬಸ್ ಇದ್ವು. ಜಿಟಿಕೆಗೊಂದು, ಕ್ಯೂಟಿಗೊಂದು ಅಂತ ಎನ್ವಿರಾನ್‌ಮೆಂಟ್ ವೇರಿಯಬಲ್ ಬರೆದಿಟ್ರೆ ಯಾವ ಡೆಸ್ಕ್‌ಟಾಪಿನಲ್ಲಾದ್ರೂ ನಡೀತಿತ್ತು. ಹೊರಗಿನಿಂದ ಬಂದ ಸಣ್ಣ ಪ್ರೋಗ್ರಾಂ ಕೀಲಿಗಳನ್ನ ಮಧ್ಯದಲ್ಲಿ ಹಿಡಿದು, 'ಕ' ಆದ ಮೇಲೆ 'ಇ' ಬಂದ್ರೆ 'ಕಿ' ಮಾಡಿ ಕೊಡೋದು. ಇನ್ನೊಂದು ಪ್ರೋಗ್ರಾಮಿನ ಕೀಲಿ ಮುಟ್ಟಬಾರದು ಅನ್ನೋ ವೇಲ್ಯಾಂಡ್‌ನಲ್ಲಿ ಇದಕ್ಕೆ ಕಾಂಪೋಸಿಟರ್ ಒಪ್ಪಿಗೆ ಬೇಕು, ಅದಕ್ಕೊಂದು ಪ್ರೋಟೋಕಾಲ್ ಬೇಕು. ಆ ಪ್ರೋಟೋಕಾಲಿನ ಒಂದು ಆವೃತ್ತಿ ಗ್ನೋಮ್‌ನಲ್ಲಿ, ಇನ್ನೊಂದು ಆವೃತ್ತಿ ಕ್ರೋಮಿಯಂನಲ್ಲಿ, ಹೀಗಾಗಿ ಕೆಲವು ವರ್ಷ ಕ್ರೋಮಿಯಂ ಆಧಾರಿತ ಆ್ಯಪ್‌ಗಳಲ್ಲಿ ಕನ್ನಡ ಬೇಕು ಅಂದ್ರೆ ಅವನ್ನ ಎಕ್ಸ್‌ವೇಲ್ಯಾಂಡ್ ಸೇತುವೆ ಹತ್ತಿಸಿಯೇ ಓಡಿಸಬೇಕಿತ್ತು. ಚೀನೀ, ಜಪಾನಿ ಬಳಕೆದಾರರು ಲಕ್ಷಗಟ್ಟಲೆ ಇದ್ದಾರೆ, ಅವರಿಗೂ ಇದೇ ತೊಂದರೆ, ಅವರ ಗಲಾಟೆಯಿಂದ ನಮ್ಮ ಕೆಲಸವೂ ಆಗುತ್ತೆ. ಪ್ಲಾಸ್ಮಾದಲ್ಲಿ ಐಬಸ್ ಚಾಲೂ ಮಾಡೋ ಜಾಗ 'ವರ್ಚುವಲ್ ಕೀಬೋರ್ಡ್' ಅನ್ನೋ ಸೆಟ್ಟಿಂಗ್. ಅಲ್ಲಿ ಯಾರಾದ್ರೂ ಹುಡುಕ್ತಾರಾ ಹೇಳಿ? ನಿಮ್ಮಲ್ಲಿ ಯಾರಾದ್ರೂ ಇದಕ್ಕಾಗಿ ಪರದಾಡ್ತಿದ್ರೆ ಅಲ್ಲಿ ನೋಡಿ.

ಐಬಸ್ ಬೇಡ, ಬರೀ ಕೀಲಿಮಣೆ ವಿನ್ಯಾಸ ಸಾಕು ಅನ್ನೋವ್ರಿಗೆ ಇನ್ನೊಂದು ದಾರಿ ಇದೆ. ಕೀಬೋರ್ಡ್ ಸೆಟ್ಟಿಂಗಿನಲ್ಲಿ ಭಾರತೀಯ ಭಾಷೆಗಳ ಪಟ್ಟಿ ತೆರೆದು ಕನ್ನಡ ಹುಡುಕಿ, 'ಕಗಪ ಫೊನೆಟಿಕ್' ಅಂತ ಒಂದು ಕಾಣುತ್ತೆ. ಕಗಪ ಅಂದ್ರೆ ನುಡಿ ತಂತ್ರಾಂಶ ಮಾಡಿದ ನಮ್ಮ ಕನ್ನಡ ಗಣಕ ಪರಿಷತ್ತು, ಅದರ ವಿನ್ಯಾಸದ ಮೂಲ ಕೆ. ಪಿ. ರಾವ್ ಅವರದ್ದು. ಇದು ಎಕ್ಸ್ ಜೊತೆ ಬರ್ತಿದ್ದ ಕೀಬೋರ್ಡ್ ದತ್ತಾಂಶದಲ್ಲಿ ಸೇರಿದ್ದು. ವೇಲ್ಯಾಂಡ್ ಎಕ್ಸ್‌ನ ಎಷ್ಟೋ ಸಾಮಾನನ್ನ ಬಿಸಾಕಿದರೂ ಆ ಕೀಬೋರ್ಡ್ ದತ್ತಾಂಶವನ್ನ ಮಾತ್ರ ಹಾಗೇ ಎತ್ತಿಕೊಂಡಿತು. ಅದೇ ಪಟ್ಟಿಯಲ್ಲಿ ಸ್ವಲ್ಪ ಮೇಲೆ ಕೆಳಗೆ ನೋಡಿ: ಹಿಂದಿ ಕಗಪ, ಮರಾಠಿ ಕಗಪ, ತೆಲುಗು ಕಗಪ, ಸಂಸ್ಕೃತ ಕಗಪ. ನನ್ನ ಪಕ್ಕದ ಸೀಟಿನ ಲಖನೌ ಹುಡುಗ ಹಿಂದಿ ಬರೆಯೋದು ಅದರಲ್ಲೇ. ಕಗಪ ಅಂದ್ರೇನು ಅಂತ ಮೊನ್ನೆ ಕೇಳ್ದ, ಹೇಳಿದೆ.